ಕಣ್ಣಾಸ್ಪತ್ರೆಯ ಟೋಕನ್ ಯಂತ್ರ

ಪ್ರೀತಿಯ ಅಕ್ಕನಿಗೆ,

ಸುಖವಾಗಿ ತಲುಪಿದೆವು. ಆದರೆ ಇಲ್ಲಿನ ಸರ್ಕಾರಿ ಕಣ್ಣಾಸ್ಪತ್ರೆಯ ಕಥೆ ಕೇಳಿದರೆ ನಿನಗೂ ಮೈ ಉರಿಯುತ್ತದೆ. ಹೆಸರು ಬರೆಸುವ ಕೌಂಟರುಗಳನ್ನೆಲ್ಲ ಮುಚ್ಚಿ, ಬಾಗಿಲಲ್ಲಿ ಟೋಕನ್ ಯಂತ್ರವೊಂದನ್ನು ನಿಲ್ಲಿಸಿದ್ದಾರೆ. ಇರುವೆ ಸಾಲಿನಂಥ ಅಕ್ಷರ ಓದಿ ಗುಂಡಿ ಒತ್ತಬೇಕು. ಬರುವವರೆಲ್ಲ ಕಣ್ಣು ಮಂಜಾದವರು! ಸರದಿ ಬಂದರೆ ಕೂಗುವವರಿಲ್ಲ. ಗೋಡೆಯ ಪರದೆಯಲ್ಲಿ ನಂಬರು ಮಿಂಚಿ ಮಾಯವಾಗುತ್ತದೆ. ನಾನು ನೀರು ತರಲು ಹೋದಾಗಲೇ ನಮ್ಮ ಯಜಮಾನರ ನಂಬರು ಬಂದು ಹೋಗಿತ್ತು.

"ಪರದೆ ನೋಡ್ಕೊಂಡಿರ್ಬೇಕಿತ್ತು. ಹೊಸ ಟೋಕನ್ ತಗೊಳ್ಳಿ" ಎಂದಳು ನರ್ಸು.

"ನೋಡೋಕಾಗಿದ್ರೆ ಇಲ್ಲಿಗ್ಯಾಕಮ್ಮ ಬರ್ತಿದ್ರು?" ಎಂದೆ.

ಸಿಟ್ಟು ನೆತ್ತಿಗೇರಿತು. ಪರದೆಯ ಕೆಳಗೆ ನಿಂತು, ಶಾಲೆಯಲ್ಲಿ ಹಾಜರಿ ಕೂಗುವ ಗಂಟಲಲ್ಲೇ ಒಂದೊಂದು ನಂಬರನ್ನೂ ಕೂಗತೊಡಗಿದೆ. ಕಾವಲುಗಾರ ಓಡಿಬಂದ. ಅಷ್ಟರಲ್ಲಿ ಡಾಕ್ಟರು ಬಾಗಿಲಿಂದ ಇಣುಕಿ, "ಅವರನ್ನ ತಡೀಬೇಡಪ್ಪ, ಇವತ್ತೇ ಜನ ಸರದಿ ತಪ್ಪದೆ ಒಳಗೆ ಬರ್ತಿರೋದು" ಎಂದರು. ಇವರ ಹೊಸ ಟೋಕನ್ನಿನ ಸರದಿ ಬರುವಷ್ಟರಲ್ಲಿ ನಲವತ್ತು ಜನರನ್ನು ಒಳಗೆ ಕಳಿಸಿದ್ದೆ.

ಗುರುವಾರ ಇವರ ಬಲಗಣ್ಣಿನ ಆಪರೇಷನ್. ಸಕ್ಕರೆ ಹತೋಟಿಯಲ್ಲಿದೆ, ಗಾಬರಿಯಾಗಬೇಡ.

ಹೊರಡುವಾಗ ಅದೇ ನರ್ಸು ನಗುತ್ತ, "ನಾಳೆನೂ ಬರ್ತೀರಲ್ವಾ, ಮೇಡಂ?" ಎಂದಳು. ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಆದರೆ ಬೆಂಚುಗಳ ಮೇಲೆ ಮುಖವೆತ್ತಿ, ಕಿವಿಗೊಟ್ಟು ಕುಳಿತಿದ್ದವರನ್ನು ನೋಡಿ, "ಎಂಟಕ್ಕೇ ಬರ್ತೀನಿ" ಎಂದುಬಿಟ್ಟೆ.

ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ