ಮೊದಲು ನಿನ್ನ ಬಳಿಗೆ

ಭಾನುವಾರ, ಮಾರ್ಚ್ 9

ಪ್ರೀತಿಯ ಅಕ್ಕನಿಗೆ ಚೂಟಿಯ ನಮಸ್ಕಾರಗಳು.

ನನ್ನ ಅಕ್ಷರ ಕಂಡ ಕೂಡಲೇ ಹರಿದು ಬಿಸಾಡಬೇಡ. ಓದಿ, ಆಮೇಲೆ ಬೇಕಾದರೆ ಹರಿ. ನೀನು ಈಗ ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಚಿಕ್ಕಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ, ವಿಳಾಸ ಕೇಳಲಿಲ್ಲ.

ಮೊದಲು ನನ್ನ ಪೆದ್ದುತನ ಕೇಳು. ಗಾರ್ಮೆಂಟ್ಸ್‌ನಲ್ಲಿ ಈಗ ನನ್ನನ್ನು ಕಟಿಂಗ್ ಟೇಬಲ್‌ಗೆ ಹಾಕಿದ್ದಾರೆ. ಹೋದ ತಿಂಗಳು ಕಾಲರ್ ಕತ್ತರಿಸುವಾಗ ಅಳತೆಯ ರಟ್ಟು ತೆಗೆದುಕೊಳ್ಳಲು ಸೋಮಾರಿತನ ಮಾಡಿ, ಆಗಷ್ಟೇ ಕತ್ತರಿಸಿದ ತುಂಡನ್ನೇ ಇಟ್ಟು ಗೆರೆ ಎಳೆದೆ. ಆ ತುಂಡಿನಿಂದ ಇನ್ನೊಂದು, ಅದರಿಂದ ಮತ್ತೊಂದು. ಪ್ರತಿ ಸಲವೂ ಚಾಕ್ ಗೆರೆಯಷ್ಟು ಹಿಗ್ಗುತ್ತಾ ಹೋಗಿದೆ. ಮಾಸ್ಟರ್ ಮೂವತ್ತನೆಯದನ್ನು ಎತ್ತಿ ಹಿಡಿದು, ಇದನ್ನ ಯಾವ ಎಮ್ಮೆ ಕುತ್ತಿಗೆಗೆ ಹೊಲಿಯೋದು ತಾಯಿ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ರಟ್ಟು ಕಣ್ಣೆದುರೇ ನೇತಾಡ್ತಿರುವಾಗ ತುಂಡು ನೋಡಿ ತುಂಡು ಯಾಕೆ ಕತ್ತರಿಸಿದೆ ಅಂತಲೂ ಕೇಳಿದರು. ನನಗೆ ನಗು ಬರಲಿಲ್ಲ. ನೀನು ನೆನಪಾದೆ.

ಮೂರು ವರ್ಷದ ಹಿಂದೆ ಭಾವನ ಏಟು ತಿಂದು, ಊದಿದ ತುಟಿಯಲ್ಲಿ, ಬ್ಯಾಗು ಹಿಡಿದು ನೀನು ಬಂದಾಗ ಕಿಟಕಿಯಿಂದಲೇ ಮಾತಾಡಿ ಸಾಗಹಾಕಿದೆ. ಗಂಡನನ್ನು ಬಿಟ್ಟು ಬಂದವಳನ್ನು ಮನೆಗೆ ಸೇರಿಸಬಾರದು, ಇದು ಯೇಸುಸ್ವಾಮಿಯ ಮಾತು ಎಂದು ಸಭೆಯ ಹಿರಿಯರು ಹೇಳಿದ್ದರು. ಅವರು ಅದನ್ನು ಕೇಳಿದ್ದು ಫೋನಿನ ವಿಡಿಯೊಗಳಲ್ಲಿ ಕೂಗಾಡುವ ಒಬ್ಬ ಬೋಧಕನಿಂದ. ಅವನಿಗೆ ಯಾರು ಹೇಳಿದರೋ! ಇತ್ತ ಗಾರ್ಮೆಂಟ್ಸ್‌ನಲ್ಲಿ ಪಕ್ಕದ ಟೇಬಲಿನವಳು, ಅವಳ ಹಣೆಬರಹ ಅವಳಿಗೆ, ನಿನಗ್ಯಾಕೆ ಊರ ಉಸಾಬರಿ ಅಂದಳು. ಎಲ್ಲರ ಮಾತಿಗೂ ತಲೆಯಾಡಿಸಿದೆ. ಸ್ವಾಮಿ ಏನು ಹೇಳಿದ್ದಾರೆ ಎಂದು ನಾನಾಗಿ ತೆರೆದು ನೋಡಿರಲಿಲ್ಲ.

ಕಾಲರ್ ಕೆಡಿಸಿದ ಆ ವಾರವೇ ಕೂತು ನಾಲ್ಕು ಸುವಾರ್ತೆಗಳನ್ನೂ ಓದಿದೆ. ಏಟು ತಿಂದು ಬಂದವಳನ್ನು ಹೊರಗೆ ನಿಲ್ಲಿಸು ಎಂಬ ಮಾತು ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದೇ ಬೇರೆ. ಕಾಣಿಕೆ ಕೊಡಲು ಹೋದವನಿಗೆ, ಒಡಹುಟ್ಟಿದವರ ಮನಸ್ಸಿನಲ್ಲಿ ತನ್ನ ಮೇಲೆ ನೋವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವರೊಂದಿಗೆ ಒಂದಾಗಬೇಕಂತೆ. ಹಿರಿಯರಿಗೆ ತೋರಿಸಿದೆ. ಅದಕ್ಕೆ ಬೇರೆ ಅರ್ಥ ಇದೆ, ನಿನಗೆ ತಿಳಿಯೋದಿಲ್ಲ, ಅವಳ ಹತ್ತಿರ ಹೋದರೆ ನೀನೂ ಸಭೆಗೆ ಬರೋದು ಬೇಡ ಅಂದುಬಿಟ್ಟರು. ಹದಿನಾಲ್ಕು ವರ್ಷ ಹಾಡಿದ ಸಭೆ, ಅಕ್ಕ. ಆದರೂ ನನಗೆ ಸ್ವಾಮಿಯ ಮಾತೇ ದೊಡ್ಡದು ಎಂದು ಹೇಳಿ ಎದ್ದು ಬಂದೆ. ಇವತ್ತು ಆರಾಧನೆಗೆ ಹೋಗಲಿಲ್ಲ. ನಿನಗೆ ಬರೆಯುತ್ತಾ ಕೂತಿದ್ದೇನೆ.

ಭಾವ ನೀನು ಆಮೇಲೆ ಸೇರಿಕೊಂಡಿದ್ದ ಹೆಂಗಸರ ಹಾಸ್ಟೆಲ್‌ಗೇ ಬಂದು ರಂಪ ಮಾಡಿದ್ದರಿಂದ ನೀನು ಕೆಲಸ, ಊರು ಎರಡನ್ನೂ ಬಿಡಬೇಕಾಯಿತೆಂದು ಚಿಕ್ಕಮ್ಮ ಹೇಳಿದರು. ಕೇಳಿ ತುಂಬಾ ಅತ್ತೆ. ನೀನು ನನಗೆ ಬೇಕು ಅಕ್ಕ. ತಪ್ಪಾಯಿತೆಂದು ಎದುರು ನಿಂತು ಹೇಳಬೇಕು. ಎಲ್ಲಿಗೆ ಬರಲಿ, ಬರೆ.

ನಿನ್ನ ಉತ್ತರಕ್ಕೆ ಹೆದರುತ್ತಲೇ ಕಾಯುವ ತಂಗಿ,
ಚೂಟಿ

ತಾ.ಕ.: ವಿಳಾಸ ಬರೆಯುವ ಮೊದಲು ಇದೊಂದು ತಿಳಿದುಕೋ. ಹಾಸ್ಟೆಲ್ ಎಲ್ಲಿದೆಯೆಂದು ಭಾವನಿಗೆ ಹೇಳಿದ್ದು ನೀನು ಇವತ್ತಿಗೂ ಶಪಿಸುವ ಆ ವಾರ್ಡನ್ ಅಲ್ಲ. ಚಿಕ್ಕಮ್ಮ ನನ್ನನ್ನು ನಂಬಿ ಹೇಳಿದ್ದರು. ಹಿರಿಯರು ಭಾವನಿಗೆ ತಿಳಿಸು ಅಂದರು. ನಾನೇ ತಿಳಿಸಿದೆ.