ಹನುಮಮ್ಮನ್ನ ಕೇಳ್ರಿ

ಗೌತಮಿ,

ಪಾಲಯ್ಯನ ಸೊಸಿಗೆ ಹೆರಿಗಿ ಬ್ಯಾನಿ ಬಂದೈತಿ, ಸಿರುಗುಪ್ಪ ಆಸ್ಪತ್ರಿಗೆ ಕರಕೊಂಡು ಹೊಂಟೀನಿ. ಊರಿಗೆ ಆಶಾ ಕಾರ್ಯಕರ್ತಿ ಅಂತ ಇರಾಕಿ ನಾನೊಬ್ಬಾಕಿ, ಹೋಗ್ದಿದ್ರ ನಡಿಯಂಗಿಲ್ಲ.

ನಿಮ್ಮಪ್ಪಗ ಗಂಜಿ ಕುಡಿಸು. ತಲಿ ಎತ್ತಿ ಹಿಡಿ, ಇಲ್ಲಂದ್ರ ನೆತ್ತಿಗೆ ಹತ್ತತೈತಿ. ಆಗಾಗ ಮಗ್ಗಲ ಬದಲು ಮಾಡು, ಬೆನ್ನಿನ ಹುಣ್ಣು ಮತ್ತ ಕೆಂಪಾಗೈತಿ. ಬೈದ್ರ ತಿರುಗಿ ಬೈಬ್ಯಾಡ. ಅದು ಲಕ್ವದ ಬಾಯಿ, ನಿಮ್ಮಪ್ಪಂದಲ್ಲ.

ಹೊಲಸಾದ ಬಟ್ಟಿ ಮೊನ್ನಿಯಂಗ ಮೂಲ್ಯಾಗ ಬಿಸಾಕಬ್ಯಾಡ. ನಿನಗೂ ಸಾಕಾಗೈತಿ, ಗೊತ್ತೈತಿ ನನಗ.

ಮನಿಗೆ ಬಂದು ನಿಮ್ಮಪ್ಪನ್ನ ನೋಡ್ಕೊಳ್ಳೋರು ಯಾರಾರ ಸಿಗ್ತಾರೇನಂತ ಕುರುಗೋಡಿನ ತನಕ ಅಲೆದೆ. ನಿನ್ನೆ ಬಳ್ಳಾರಿಗೂ ಹೋಗಿದ್ದೆ. ಗಾಂಧಿನಗರದಾಗ ರೋಗಿ ನೋಡ್ಕೊಳ್ಳೋರನ್ನ ಮನಿಗೆ ಕಳಿಸೋ ಆಫೀಸಿನ ಮೇಡಂ ಕುಂದರಿಸಿ ಚಾ ಕೊಟ್ರು, ನನ್ನ ಹೆಸರೊಂದು ಬಿಟ್ಟು ಪೂರಾ ಕೇಳಿದ್ರು. ಆಮ್ಯಾಲೆ, "ನಿಮ್ಮ ರಾರಾವಿ ಊರಾಗ ಹನುಮಮ್ಮ ಅಂತ ಆಶಾ ಅದಾರಲ್ರೀ, ಹಾಸಿಗಿ ಹಿಡಿದೋರನ್ನ ಭಾಳ ಚೊಲೊ ನೋಡ್ತಾರ. ಅವರನ್ನ ಕೇಳ್ರಿ" ಅಂದ್ರು.

ಆ ಹನುಮಮ್ಮ ನಾನಾ. ನನ್ನ ನಂಬರ್ ನನಗಾ ಹೇಳಿದ್ರು, ಬರಕೊಂಡು ಬಂದೆ.

ಆ ಹನುಮಮ್ಮ ನಮ್ಮನಿಗೆ ಬರಂಗಿಲ್ಲ. ಇವತ್ತೂ ಕಾಲೇಜು ಬಿಡು, ನನ್ನವ್ವ.