ಏನಂದ್ರಿ ಎಂಬ ಊರು

ಅಂಗಡಿಯ ಹಿಂದಿನ ಕೋಣೆಯಿಂದ
ಗುರುವಾರ, ತಾರೀಕು ಹದಿನಾಲ್ಕು

ಪ್ರೀತಿಯ ಡ್ರೈವರಮ್ಮಾ,

ಹೇಗಿದ್ದೀಯ? ನಿನ್ನ ಎಡಗಾಲಿನ ಮಂಡಿ ಹೇಗಿದೆ? ಹೊಸ ಬಸ್ಸಿನ ಕ್ಲಚ್ಚು ಕಲ್ಲಿನ ಹಾಗಿದೆ, ಸಂಜೆ ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಅನ್ನುತ್ತೆ ಅಂದಿದ್ದೆ. ಅಳಿಯಂದಿರು ಚೆನ್ನಾಗಿದ್ದಾರಾ, ಅವರ ಕೆಮ್ಮು ನಿಂತಿತಾ? ನಮ್ಮ ಗುಂಡುಮಣಿಗೆ ಮುಂದಿನ ಹಲ್ಲು ಬಂತಾ, ಇಲ್ಲ ಇನ್ನೂ ಗೇಟು ತೆಗೆದಿಟ್ಟ ಹಾಗೇ ಇದೆಯಾ? ನಿಮ್ಮ ಕೆಳಗಿನ ಮನೆಯ ಅಜ್ಜಿ, ಅದೇ ನಿನ್ನ ಚಪ್ಪಲಿಯ ಸದ್ದಾದ ಕೂಡಲೇ ಬಾಗಿಲು ತೆಗೆದು ಟೈಮೆಷ್ಟು ಅಂತ ಕೇಳುವವರು, ಆರಾಮಾಗಿದ್ದಾರಾ? ಎಲ್ಲರನ್ನೂ ಕೇಳಿದೆ ಅಂತ ಹೇಳು. ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ.

ಆ ಭಾನುವಾರ ಮಾತಾಡಿದ ಮೇಲೆ ನೀನು ನನಗೆ ಫೋನ್ ಮಾಡಿಲ್ಲ. ನಿಮ್ಮಮ್ಮ ಮಾಡಿದರೂ ಎರಡು ಮಾತಾಡಿ ಇಟ್ಟುಬಿಡುತ್ತೀಯಂತೆ. ಏನಾಯ್ತೇ ಅಂತ ಅವಳು ಕೇಳಿದ್ದಕ್ಕೆ "ಅಪ್ಪನಿಗೆ ಎಲ್ಲಾ ಹೇಳಿದೀನಿ, ಅವರನ್ನೇ ಕೇಳು" ಅಂದೆಯಂತೆ. ಅವಳು ಬಂದು ನನ್ನನ್ನು ಕೇಳಿದಳು. ಏನಿಲ್ಲ, ಮಾಮೂಲಿ ಮಾತು ಅಂದೆ. ಅಪ್ಪ ಮಗಳು ಜಗಳ ಆಡಿಕೊಂಡಿದ್ದಾರೆ ಅಂತ ಅವಳ ತೀರ್ಮಾನ. ನಿನ್ನ ಪಕ್ಷ ಸೇರಿಕೊಂಡು ಆವತ್ತಿನಿಂದ ನನ್ನ ಕಾಫಿಗೆ ಸಕ್ಕರೆ ನಿಲ್ಲಿಸಿದ್ದಾಳೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಂಗಡಿಯ ಸುದ್ದಿ.

ಈ ಮೂಲಕ ತಿಳಿಸುವುದೇನೆಂದರೆ (ನಗಬೇಡ, ಚೌಕಟ್ಟು ಹಾಕಿಸಲು ಬಂದ ಸರ್ಟಿಫಿಕೇಟುಗಳನ್ನು ನೋಡಿ ನೋಡಿ ಅಕ್ಷರ ಕಲಿತವನ ಕೈಯಲ್ಲಿ ಬರುವುದು ಇಂಥ ಮಾತೇ), ಹೋದ ವಾರ ಕೀಲಿ ಮಾವ ಬಂದಿದ್ದರು. ಬೀದಿಯ ಕೊನೆಯ ಬೀಗದ ಅಂಗಡಿಯವರು. ನೀನೇ ಇಟ್ಟ ಹೆಸರು, ಈಗ ಇಡೀ ಬೀದಿಗೇ ಅವರು ಕೀಲಿ ಮಾವ. ಕಂಕುಳಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ನಕ್ಷೆ. ಅವರಜ್ಜನ ಕಾಲದಿಂದ ಮನೆಯ ಗೋಡೆಯ ಮೇಲಿದ್ದದ್ದು, ಚೌಕಟ್ಟಿಗೆ ಹುಳ ಹತ್ತಿ ಮುಟ್ಟಿದರೆ ಹಿಟ್ಟು ಉದುರುತ್ತಿತ್ತು. ಹಳೇ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಗಾಜು ಸರಿಸಿ, ಕಾಗದವನ್ನು ಮೇಜಿನ ಮೇಲೆ ಹಾಸಿದೆ. ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ನಕ್ಷೆ. ಅಂಚಿನ ಸುತ್ತ ತಗಡು ಒತ್ತಿದ ಗುರುತು ಈಗಲೂ ಬೆರಳಿಗೆ ಸಿಗುತ್ತದೆ. ಗುಡ್ಡಗಳು ಕಂಬಳಿಹುಳುಗಳು ಮಲಗಿದ ಹಾಗೆ. ದೊಡ್ಡ ಊರಿಗೆ ನಾಲ್ಕು ಪುಟ್ಟ ಮನೆ, ಸಣ್ಣ ಊರಿಗೆ ಬರೀ ಒಂದು ಸೊನ್ನೆ. ಮೂಲೆಯಲ್ಲಿ ಅಂದಕ್ಕೆಂದು ಒಂದು ಸಿಂಹ ಕೆತ್ತಿದ್ದಾನೆ, ಪಾಪ, ಸಿಂಹ ನೋಡದವನು. ನಿಮ್ಮಮ್ಮ ಅದು ನಾಯಿ ಅಂತಲೇ ಈಗಲೂ ವಾದಿಸುತ್ತಾಳೆ.

ಕೀಲಿ ಮಾವನಿಗೆ ಈ ನಕ್ಷೆಯ ಮೇಲೆ ಒಂದು ಮುನಿಸು. ಸುತ್ತಮುತ್ತಲಿನ ಊರೆಲ್ಲ ಇದೆ, ಅವರಜ್ಜ ಹುಟ್ಟಿದ ಊರು ಮಾತ್ರ ಇಲ್ಲ. ಆ ಊರು ಖಾಲಿಯಾಗಿ ಎಷ್ಟೋ ಕಾಲವಾಯಿತು, ನಕ್ಷೆಯಲ್ಲಾದರೂ ಉಳಿದಿರಬಾರದಾ ಅಂತ. ಹೊಳೆಯ ತಿರುವಿನಲ್ಲಿ ಅದು ಇರಬೇಕಾದ ಜಾಗದಲ್ಲಿ ಯಾರೂ ಕೇಳಿರದ ಇನ್ಯಾವುದೋ ಊರಿನ ಹೆಸರಿದೆ. ಪರದೇಶದ ಲಿಪಿ, ಇರುವೆ ಕಾಲಿನಷ್ಟು ಅಕ್ಷರ. ಅವರು ಅದನ್ನು ಇಷ್ಟು ವರ್ಷ 'ಎನಾಂಡ್ರೈ' ಅಂತ ಓದಿಕೊಂಡು ಬಂದಿದ್ದರು. ನಿನಗೆ ಗೊತ್ತಲ್ಲ, ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದದಿದ್ದರೆ ನನ್ನ ತಲೆಗೆ ಹತ್ತುವುದಿಲ್ಲ. ಭೂತಗನ್ನಡಿ ಹಿಡಿದು ಬಗ್ಗಿದೆ. ಅವರು ಪಕ್ಕದಲ್ಲಿ ನಿಂತು ಯಾವ ಮರದ ಚೌಕಟ್ಟು ಬೇಕು ಅಂತ ಹೇಳುತ್ತಿದ್ದರು. ನಾನು ಓದಿದೆ: "ಏನಂದ್ರಿ."

"ತೇಗದ್ದು ಹಾಕಿ ಅಂದೆ" ಅಂದರು.

ಸರಿಯಾಗಿ ಓದಿದೆನೋ ಇಲ್ಲವೋ ಅಂತ ಇನ್ನೊಮ್ಮೆ ಓದಿದೆ: "ಏನಂದ್ರಿ..." ಅವರು ನನ್ನ ಕಿವಿಯ ಹತ್ತಿರ ಬಂದು "ತೇಗ! ತೇಗ!" ಅಂತ ಕಿರುಚಿದರು. ಎದುರು ಅಂಗಡಿಯ ಟೈಲರ್ ಮಷೀನು ನಿಲ್ಲಿಸಿ "ಯಾರಿಗ್ರೀ ತೇಗು, ಸೋಡಾ ತರ್ಲಾ?" ಅಂದ. (ಈಚೆಗೆ ಗಿರಾಕಿಗಳಿಗೆ ನಾನು 'ಏನಂದ್ರಿ' ಅನ್ನುವುದು ಸ್ವಲ್ಪ ಜಾಸ್ತಿಯಾಗಿದೆ. ಪಕ್ಕದ ಗ್ಯಾರೇಜಿನ ಗದ್ದಲ.) ಒಳಗೆ ರಟ್ಟು ಕತ್ತರಿಸುತ್ತಿದ್ದ ನಿಮ್ಮಮ್ಮ ಎದ್ದು ಬಂದಳು. "ಅಯ್ಯೋ, ನಿಮ್ಮನ್ನ ಕೇಳ್ತಿಲ್ಲ ಕಣಣ್ಣಾ, ಅದೇನೋ ಓದ್ತಿದ್ದಾರೆ" ಅಂದವಳು ಕನ್ನಡಕ ಏರಿಸಿ ತಾನೂ ನೋಡಿದಳು. ನಾನು ಬೆರಳಿಟ್ಟು ಅಕ್ಷರ ಕೂಡಿಸಿ ತೋರಿಸಿದೆ. ಆಮೇಲೆ ಸ್ಟೂಲಿನ ಮೇಲೆ ಕೂತು ನಕ್ಕಳು ನೋಡು, ಸೆರಗಲ್ಲಿ ಕಣ್ಣೊರೆಸಿಕೊಳ್ಳುವವರೆಗೆ ನಕ್ಕಳು.

"ಅಳತೆ ಮಾಡೋಕೆ ಬಂದೋನು ಹೊಳೆಯ ಈ ದಡದಲ್ಲಿ ನಿಂತ್ಕೊಂಡು 'ಇದ್ಯಾವೂರು' ಅಂತ ಕೂಗಿರ್ತಾನೆ. ಆ ದಡದಲ್ಲಿ ನಮ್ಮನೆಯವರಂಥ ಒಬ್ರು ಕಿವಿಗೆ ಕೈ ಇಟ್ಕೊಂಡು 'ಏನಂದ್ರೀ' ಅಂದಿರ್ತಾರೆ. ಇವನು ಬರ್ಕೊಂಡು ಹೋದ!" ಅಂದಳು. ಬರೆದುಕೊಂಡದ್ದು ಎಲ್ಲೋ ದೂರದ ಕೆತ್ತುವವನ ಕೈಗೆ ಹೋಗಿ, ಅವನು ಅದನ್ನು ತಾಮ್ರದಲ್ಲಿ ಅಚ್ಚಿಗೆ ತಕ್ಕಂತೆ ತಿರುಗುಮುರುಗಾಗಿ, ಒಂದು ಗೆರೆ ಆಚೀಚೆಯಾಗದ ಹಾಗೆ ಕೆತ್ತಿಬಿಟ್ಟ. ಹೀಗೇ ನಡೆಯಿತು ಅಂತ ಆಣೆ ಮಾಡಿ ಹೇಳುವವರು ಯಾರೂ ಇಲ್ಲ. ಆದರೆ ಕೀಲಿ ಮಾವ ಬೆರಳಿಟ್ಟು ನೋಡಿದರು: ಎಡಕ್ಕೆ ಗುಡ್ಡ, ಕೆಳಗೆ ತಿರುವು, ಹಳ್ಳ ಬಂದು ಸೇರುವ ಜಾಗ. ಅಜ್ಜ ಹೇಳುತ್ತಿದ್ದದ್ದೆಲ್ಲ ಅಲ್ಲೇ ಇತ್ತು. "ನಮ್ಮೂರು ಇತ್ತಲ್ರೀ ಇಲ್ಲೇ" ಅಂದರು. ಅವರೂ ನಕ್ಕರು. ನಕ್ಕು ಮುಗಿದ ಮೇಲೆ, "ಇನ್ನೊಂದ್ಸಲ ಕೇಳಿದ್ರೆ ಅವನ ಗಂಟೇನು ಹೋಗ್ತಿತ್ತು?" ಅಂದರು. ಅದಕ್ಕೆ ನಿಮ್ಮಮ್ಮ, "ಪಾಪ, ಅವನಿಗೆ ಉತ್ತರ ಸಿಕ್ತು ಅಂತಲೇ ಅನ್ನಿಸಿರುತ್ತೆ. ಆ ಕಡೆಯೋರಿಗೆ ಕೇಳಿಸಿಲ್ಲ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು?" ಅಂದಳು. ರಟ್ಟು ಕತ್ತರಿಸಲು ಒಳಗೆ ಹೋದಳು. ನನಗೆ ಆಮೇಲೆ ಕೆಲಸ ಓಡಲಿಲ್ಲ. ಗಾಜಿನ ಅಳತೆ ತಪ್ಪಿ ಒಂದು ಒಳ್ಳೇ ಹಾಳೆ ದಂಡವಾಯಿತು.

ನಕ್ಷೆ ಈಗ ತೇಗದ ಚೌಕಟ್ಟಿನಲ್ಲಿ ಅವರ ಗೋಡೆಯ ಮೇಲಿದೆ. ಸರಿಯಾದ ಹೆಸರು ಬರೆದ ಚೀಟಿ ಅಂಟಿಸಲಾ ಅಂತ ಕೇಳಿದೆ. ಬೇಡ, ಬಂದವರಿಗೆ ಕಥೆ ಹೇಳೋಕೆ ಇರಲಿ ಅಂದರು. ಮೊನ್ನೆ ಬೀಗ ರಿಪೇರಿಗೆ ಬಂದವರನ್ನೆಲ್ಲ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಬೀಗ ಕೆಟ್ಟವರು ಬೀದಿಯಲ್ಲಿ, ಕೀಲಿ ಮಾವ ಏನಂದ್ರಿಯಲ್ಲಿ.

ಇಷ್ಟೇ ಸುದ್ದಿ. ಮಂಡಿಗೆ ಬಿಸಿ ಶಾಖ ಕೊಡು, ಅಲಕ್ಷ್ಯ ಮಾಡಬೇಡ. ಗುಂಡುಮಣಿಗೆ ತಾತನ ಮುತ್ತು. ಕೆಳಗಿನ ಮನೆಯ ಅಜ್ಜಿಗೆ ನಮಸ್ಕಾರ. ನೀವೆಲ್ಲ ನೂರು ಕಾಲ ನಗುನಗುತ್ತಾ ಇರಿ.

ನಿನ್ನ,
ಅಪ್ಪ

ಶುಕ್ರವಾರ, ಕವರು ಅಂಟಿಸುವ ಮುಂಚೆ: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಭಾನುವಾರ ನೀನು ಅಷ್ಟು ಹೊತ್ತು ಮಾತಾಡಿದೆಯಲ್ಲ, ನನಗೆ ಕೇಳಿಸಿದ್ದು ಕೊನೆಯ ಒಂದೇ ಮಾತು, "ಬಿಟ್ಟುಬಿಟ್ಟೆ ಅಪ್ಪಾ." ಏನನ್ನು ಬಿಟ್ಟೆ, ಯಾರನ್ನು ಬಿಟ್ಟೆ, ಗೊತ್ತಿಲ್ಲ. "ಒಳ್ಳೇದಾಯ್ತು ಬಿಡು" ಅಂದೆ. ನೀನು ಫೋನ್ ಇಟ್ಟೆ. ಗ್ಯಾರೇಜಿನ ಗದ್ದಲ ಅಂದದ್ದು ಸುಳ್ಳು. ಒಂದು ವರ್ಷದಿಂದ ಕಿವಿ ಹೋಗುತ್ತಿದೆ. ಎದುರಿಗಿದ್ದವರ ತುಟಿ ನೋಡಿ ನಿಭಾಯಿಸುತ್ತೇನೆ, ಫೋನಿಗೆ ತುಟಿ ಇಲ್ಲ. ಬಸ್ಸು ಬಿಟ್ಟೆಯೋ, ಮನೆ ಬಿಟ್ಟೆಯೋ, ಅಳಿಯಂದಿರನ್ನೋ ತಿಳಿಯದೆ ಮೇಲೆ ಎಲ್ಲರ ಕ್ಷೇಮವನ್ನೂ ಕೇಳಿದ್ದೇನೆ. ಡ್ರೈವರಮ್ಮಾ ಅಂತ ಕರೆಯಬಹುದೋ ಇಲ್ಲವೋ ಅದೂ ಗೊತ್ತಿಲ್ಲ. ನೋವಾಗಿದ್ದರೆ ಹೊಟ್ಟೆಗೆ ಹಾಕಿಕೋ. ಇವತ್ತು ಬೆಳಿಗ್ಗೆ ನಿಮ್ಮಮ್ಮನಿಗೆ ಹೇಳಿದೆ. ಗಾಜು ಒರೆಸುವ ಬಟ್ಟೆ ನನ್ನ ಮೇಲೆ ಎಸೆದಳು, ಆಮೇಲೆ ಕಾಫಿಗೆ ಸಕ್ಕರೆ ಹಾಕಿ ಕೊಟ್ಟಳು. ತಾನೇ ಫೋನ್ ಮಾಡಿ ಕೇಳುತ್ತೇನೆ ಅಂತ ಹೊರಟಿದ್ದಳು, ತಡೆದೆ. ನೀನು ಹೇಳಿದ್ದು ನನಗೆ, ನಾನೇ ಕೇಳಬೇಕು. ಆಚೆ ದಡದ ಆ ಮನುಷ್ಯ ಕೇಳಿಸದಿದ್ದಾಗ ಕೇಳಿಯಾದರೂ ಕೇಳಿದ, ನಾನು ಅದನ್ನೂ ಮಾಡಲಿಲ್ಲ. ಏನಂದೆ, ಮಗಳೇ? ಕಣ್ಣು ಇನ್ನೂ ಚೆನ್ನಾಗಿದೆ. ಬೇಗ ಬರಿ.